ಸರ್ಕಾರದ ಸಬ್ಸಿಡಿಯಲ್ಲಿ ಸಣ್ಣ ಉದ್ದಿಮೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ?

"ಊರಲ್ಲೇ ಏನಾದರೂ ಉದ್ದಿಮೆ ಮಾಡಬೇಕು ಅಂದುಕೊಂಡಿದ್ದೇನೆ, ಸರ್ಕಾರದಿಂದ ಸಬ್ಸಿಡಿ ಸಿಗುತ್ತಾ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಸಿಗುತ್ತದೆ. ಕೇಂದ್ರದ್ದೂ ಇದೆ, ರಾಜ್ಯದ್ದೂ ಇದೆ. ಆದರೆ ಅರ್ಹತೆ ಇದ್ದೂ ಕೈತಪ್ಪಿಸಿಕೊಳ್ಳುವವರು ಬಹಳ. ಅದಕ್ಕೆ ಮುಖ್ಯ ಕಾರಣ ಕೆಲಸಗಳ ಕ್ರಮ ತಪ್ಪುವುದು. ಸಾಲ ಮಂಜೂರಾಗುವ ಮೊದಲೇ ಮಷಿನ್ ತಂದು ಇಳಿಸುತ್ತಾರೆ. ಶೆಡ್ ಎದ್ದ ಮೇಲೆ ಜಾಗದ ಕಾಗದಪತ್ರ ನೋಡುತ್ತಾರೆ. ಬ್ಯಾಂಕ್ ಮ್ಯಾನೇಜರ್ ಜೊತೆ ಒಂದು ಮಾತೂ ಆಡದೆ ಆನ್‌ಲೈನ್ ಅರ್ಜಿ ಒತ್ತಿಬಿಡುತ್ತಾರೆ.

ಹಾಗಾಗಿ ಈ ಲೇಖನದಲ್ಲಿ ಯೋಜನೆಗಳ ಪಟ್ಟಿಗಿಂತ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇದು ಕರ್ನಾಟಕದಲ್ಲಿ ಕೆಲವು ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ಹಾಕಿ ಹೊಸದಾಗಿ ಶುರು ಮಾಡುವವರಿಗೆ. ಅದಕ್ಕಿಂತ ದೊಡ್ಡದಿದ್ದರೆ ದಾರಿ ಬೇರೆ, ಅದನ್ನೂ ನಡುವೆ ಹೇಳುತ್ತೇನೆ.

ಮೊದಲು ಸರ್ಕಾರದ ಲೆಕ್ಕಾಚಾರ ತಿಳಿದಿರಲಿ

ಸರ್ಕಾರ ಯಾಕೆ ದುಡ್ಡು ಕೊಡುತ್ತದೆ? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸರ್ಕಾರಕ್ಕೆ ಬೇಕಿರುವುದು ಮುಖ್ಯವಾಗಿ ಮೂರು. ಒಂದು, ಕೆಲಸ ಸೃಷ್ಟಿಯಾಗಬೇಕು. ಎರಡು, ಅದು ಬೆಂಗಳೂರಿನ ಆಚೆ ಆಗಬೇಕು. ಮೂರು, ಇಲ್ಲಿಯವರೆಗೆ ಬಂಡವಾಳ ಸಿಗದೇ ಇದ್ದವರ ಕೈಯಲ್ಲಿ ಆಗಬೇಕು. 2025ರ ಫೆಬ್ರವರಿಯಲ್ಲಿ ಬಂದ ರಾಜ್ಯದ 2025-30ರ ಕೈಗಾರಿಕಾ ನೀತಿಯನ್ನೇ ನೋಡಿ. 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ, 20 ಲಕ್ಷ ಉದ್ಯೋಗ ಅದರ ಗುರಿ. ರಾಜ್ಯವನ್ನು ಮೂರು ವಲಯ ಮಾಡಿದ್ದಾರೆ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳು 3ನೇ ವಲಯ. ಹಿಂದುಳಿದ ಕಡೆಗೆ ಹೋದಷ್ಟೂ ಪ್ರೋತ್ಸಾಹ ಜಾಸ್ತಿ.

ಇದಕ್ಕೆ ಹಳೆಯ ಹಿನ್ನೆಲೆಯಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ನಿಮ್ಮ ತಾಲ್ಲೂಕು ಯಾವ ಗುಂಪಿನಲ್ಲಿದೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಟ್ಟುಕೊಳ್ಳಿ. ಒಂದೇ ಮಷಿನ್, ಒಂದೇ ಬಂಡವಾಳ ಇದ್ದರೂ ತಾಲ್ಲೂಕು ಬದಲಾದರೆ ಸಿಗುವ ನೆರವು ಬದಲಾಗಬಹುದು.

ನನ್ನ ಮಟ್ಟಿಗೆ ಇದು ಸರಿಯಾದ ನೀತಿಯೇ. ಊರಲ್ಲಿ ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ನಾಲ್ಕು ಮನೆಯವರು ವಲಸೆ ಹೋಗುವುದು ತಪ್ಪುತ್ತದೆ. ಆದರೆ ಈ ನೆರವು ಇರುವುದು ನಡೆಯುವ ಉದ್ದಿಮೆಗೆ ಆಸರೆಯಾಗಿ. ಸಬ್ಸಿಡಿ ತೆಗೆದು ನೋಡಿದರೂ ಲಾಭ ಕಾಣುವ ಕೆಲಸವಾಗಿದ್ದರೆ ಮಾತ್ರ ಮುಂದಿನ ಹಂತಗಳಿಗೆ ಹೋಗಿ.

ಹಂತ 1: ಏನು ಮಾಡುತ್ತೀರಿ, ಯಾರು ಕೊಳ್ಳುತ್ತಾರೆ?

ಯೋಜನೆ ಹುಡುಕುವ ಮೊದಲು ಕೊಳ್ಳುವವರನ್ನು ಹುಡುಕಿ. ಎಣ್ಣೆ ಗಾಣ ಹಾಕುವವರಾದರೆ ಸುತ್ತಲಿನ ಅಂಗಡಿಯವರು ಈಗ ಎಲ್ಲಿಂದ ತರಿಸುತ್ತಾರೆ, ಎಷ್ಟಕ್ಕೆ ತರಿಸುತ್ತಾರೆ, ಎಷ್ಟು ದಿನ ಸಾಲ ಇಟ್ಟುಕೊಳ್ಳುತ್ತಾರೆ ಎಂದು ಬರೆದುಕೊಳ್ಳಿ. ಕಡೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಮಾಲು ಕೊಟ್ಟು ಎರಡು ತಿಂಗಳ ಮೇಲೆ ದುಡ್ಡು ಬರುವುದಾದರೆ, ಆ ಎರಡು ತಿಂಗಳು ಕಾಳು ಕೊಳ್ಳಲು, ಸಂಬಳ ಕೊಡಲು ನಿಮ್ಮ ಕೈಯಲ್ಲಿ ಬೇರೆ ಹಣ ಇರಬೇಕು. ಇದನ್ನೇ ದುಡಿಯುವ ಬಂಡವಾಳ ಅನ್ನುತ್ತಾರೆ. ಮಷಿನ್ ಇದ್ದೂ ಬಾಗಿಲು ಹಾಕುವ ಘಟಕಗಳಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವುದು ಇದೇ ಹಣ.

ಕೆಲಸ ಗೊತ್ತಿಲ್ಲದಿದ್ದರೆ ಮೊದಲು ಕಲಿಯಿರಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳಲ್ಲಿ ಊಟ, ವಸತಿ ಸೇರಿ ತರಬೇತಿ ಉಚಿತ. ಧಾರವಾಡದಲ್ಲಿ ಕೇಂದ್ರ ಕಚೇರಿ ಇರುವ ಸಿಡಾಕ್, ಅಂದರೆ ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ ಕೂಡ ಉದ್ಯಮಶೀಲತಾ ತರಬೇತಿ ಕೊಡುತ್ತದೆ. ಆ ಪ್ರಮಾಣಪತ್ರ ಮುಂದೆ ಬ್ಯಾಂಕಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಹಂತ 2: ನಿಮಗೆ ಹೊಂದುವ ಯೋಜನೆ ಆರಿಸಿ

ಯೋಜನೆಗಳು ಹತ್ತಾರು ಇವೆ. ಹೆಚ್ಚಿನವರಿಗೆ ಹೊಂದುವುದು ಈ ಕೆಳಗಿನವುಗಳಲ್ಲಿ ಒಂದು. ನಾನು ಕೊಟ್ಟಿರುವ ಕೇಂದ್ರದ ಯೋಜನೆಗಳ ಅಂಕಿಗಳು 2025-26ರವರೆಗಿನ ಅವಧಿಗೆ ಒಪ್ಪಿಗೆ ಪಡೆದ ನಿಯಮಗಳವು. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ಮಾರ್ಗಸೂಚಿಯನ್ನು ಒಮ್ಮೆ ಓದಿಯೇ ಮುಂದುವರಿಯಿರಿ.

*ಪಿಎಂಇಜಿಪಿ.* ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. 2008ರಿಂದ ಇದೆ. ಹೊಸ ಘಟಕಕ್ಕೆ ಮಾತ್ರ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ನೆರವು. 18 ವರ್ಷ ತುಂಬಿರಬೇಕು, ಆದಾಯದ ಮಿತಿ ಇಲ್ಲ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದರೆ 8ನೇ ತರಗತಿ ಪಾಸಾಗಿರಬೇಕು. ಒಂದು ಕುಟುಂಬದಿಂದ, ಅಂದರೆ ಗಂಡ ಹೆಂಡತಿಯಲ್ಲಿ, ಒಬ್ಬರಿಗೆ ಮಾತ್ರ.

ಸಾಮಾನ್ಯ ವರ್ಗದವರು ಶೇ 10ರಷ್ಟು ಸ್ವಂತ ಹಣ ಹಾಕಬೇಕು. ಅವರಿಗೆ ಸಬ್ಸಿಡಿ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು, ಟ್ರಾನ್ಸ್‌ಜೆಂಡರ್ ಸಮುದಾಯದವರು ವಿಶೇಷ ವರ್ಗಕ್ಕೆ ಬರುತ್ತಾರೆ. ಇವರ ಸ್ವಂತ ಪಾಲು ಶೇ 5, ಸಬ್ಸಿಡಿ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಹಳ್ಳಿ ಅಂದರೆ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಜಾಗ. ಪಟ್ಟಣದ ಅಂಚಿನಲ್ಲಿದ್ದೀರಾ? ನಿಮ್ಮ ಜಾಗ ಪುರಸಭೆಗೆ ಸೇರಿದೆಯೋ ಪಂಚಾಯಿತಿಗೋ ಎಂದು ಖಚಿತ ಮಾಡಿಕೊಳ್ಳಿ. ಶೇ 10ರಷ್ಟು ಅಂತರ ಅಲ್ಲೇ ಇದೆ.

ಬೀಡಿ, ಸಿಗರೇಟು, ಮದ್ಯದಂಥ ವ್ಯವಹಾರಕ್ಕೆ ಇದು ಸಿಗುವುದಿಲ್ಲ. ನೇರ ಬೇಸಾಯಕ್ಕೂ ಇಲ್ಲ.

*ಪಿಎಂಎಫ್‌ಎಂಇ.* ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ. ಆಹಾರ ಸಂಸ್ಕರಣೆಗೆ ಮಾತ್ರ. ಹಪ್ಪಳ, ಉಪ್ಪಿನಕಾಯಿ, ರೊಟ್ಟಿ, ಬೆಲ್ಲ, ಎಣ್ಣೆ, ಹಿಟ್ಟು, ಬೇಕರಿ, ಚಟ್ನಿಪುಡಿ ಎಲ್ಲವೂ ಬರುತ್ತವೆ. 2020ರಲ್ಲಿ ಶುರುವಾಯಿತು. ಕೇಂದ್ರದ ನೆರವು ಶೇ 35, ಹೆಚ್ಚೆಂದರೆ 10 ಲಕ್ಷ. ಕರ್ನಾಟಕ ಇದರ ಮೇಲೆ ತನ್ನದೂ ಶೇ 15 ಸೇರಿಸಿ ಒಟ್ಟು ಶೇ 50, ಹೆಚ್ಚೆಂದರೆ 15 ಲಕ್ಷ ಮಾಡಿದೆ. ಸ್ವಂತ ಪಾಲು ಶೇ 10. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ.

ಈ ಯೋಜನೆಯಲ್ಲಿ ಎರಡು ಒಳ್ಳೆಯ ಅಂಶಗಳಿವೆ. ಈಗಾಗಲೇ ನಡೆಯುತ್ತಿರುವ ಸಣ್ಣ ಘಟಕವನ್ನು ದೊಡ್ಡದು ಮಾಡಲೂ ಇದು ಸಿಗುತ್ತದೆ. ಜೊತೆಗೆ, ಅರ್ಜಿ ಮತ್ತು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಪಟ್ಟಿಯೂ ಇದರದ್ದೇ. ಮಂಡ್ಯಕ್ಕೆ ಬೆಲ್ಲ, ಕೋಲಾರಕ್ಕೆ ಟೊಮೆಟೊ, ಕಲಬುರಗಿಗೆ ತೊಗರಿ, ಹೀಗೆ. ಆಹಾರದ ಕೆಲಸ ಮಾಡುವವರು ಮೊದಲು ಇದನ್ನು ನೋಡಿ, ಆಮೇಲೆ ಪಿಎಂಇಜಿಪಿ ಕಡೆ ಹೋಗಿ ಅನ್ನುವುದು ನನ್ನ ಸಲಹೆ.

*ಉದ್ಯೋಗಿನಿ.* ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ್ದು. 18ರಿಂದ 55 ವರ್ಷದ ಮಹಿಳೆಯರಿಗೆ 3 ಲಕ್ಷದವರೆಗೆ ಸಾಲ. ಪರಿಶಿಷ್ಟರಿಗೆ ಸಾಲದ ಶೇ 50, ಅಂದರೆ ಗರಿಷ್ಠ 1.5 ಲಕ್ಷ ಸಹಾಯಧನ. ಉಳಿದವರಿಗೆ ಶೇ 30, ಗರಿಷ್ಠ 90 ಸಾವಿರ. ಇದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಹೊಲಿಗೆ, ಅಂಗಡಿ, ಹಿಟ್ಟಿನ ಗಿರಣಿಯಂಥ ಪುಟ್ಟ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ.

*ಮುದ್ರಾ.* ಇದರಲ್ಲಿ ಸಬ್ಸಿಡಿ ಇಲ್ಲ, ಸಾಲ ಮಾತ್ರ. ಅಡಮಾನ ಬೇಡ. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಸಿಗುತ್ತದೆ. ಸಬ್ಸಿಡಿಗಾಗಿ ತಿಂಗಳುಗಟ್ಟಲೆ ಕಾಯುವ ಬದಲು ಸಣ್ಣ ಮೊತ್ತದಲ್ಲಿ ಬೇಗ ಶುರು ಮಾಡುವುದೇ ಲೇಸು ಅನ್ನುವ ವ್ಯಾಪಾರಗಳೂ ಇವೆ. ಅಂಥವರಿಗೆ ಇದು.

ಇನ್ನು ರಾಜ್ಯ ಕೈಗಾರಿಕಾ ನೀತಿಯ ಬಂಡವಾಳ ಸಹಾಯಧನ, ರಾಜ್ಯ ಹಣಕಾಸು ನಿಗಮದ (ಕೆಎಸ್‌ಎಫ್‌ಸಿ) ಬಡ್ಡಿ ಸಹಾಯಧನ ಸ್ವಲ್ಪ ದೊಡ್ಡ ಘಟಕಗಳಿಗೆ ಹೆಚ್ಚು ಉಪಯೋಗ. ಯೋಜನೆ 15 ಕೋಟಿಯ ಒಳಗಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿ ನೋಡುತ್ತದೆ. ಏಕಗವಾಕ್ಷಿ ಅಂದರೆ ಬೇರೆ ಬೇರೆ ಇಲಾಖೆಗಳ ಒಪ್ಪಿಗೆಗೆ ಒಂದೇ ಕಡೆ ಅರ್ಜಿ. 15 ಕೋಟಿಯಿಂದ 500 ಕೋಟಿವರೆಗೆ ರಾಜ್ಯ ಮಟ್ಟದ ಸಮಿತಿ, ಅದರ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ. ಇವೆರಡಕ್ಕೂ ಹೂಡಿಕೆದಾರರಿಗೆ ನೆರವಾಗುವ ರಾಜ್ಯದ ಸಂಸ್ಥೆ ಕರ್ನಾಟಕ ಉದ್ಯೋಗ ಮಿತ್ರವನ್ನು ಸಂಪರ್ಕಿಸಬೇಕು.

ಎಚ್ಚರಿಕೆ: ಒಂದೇ ಘಟಕಕ್ಕೆ ಎರಡು ಕಡೆ ಸಬ್ಸಿಡಿ ಪಡೆಯಲು ಹೋಗಬೇಡಿ. ಬೇರೆ ಸರ್ಕಾರಿ ಯೋಜನೆಯಲ್ಲಿ ಸಬ್ಸಿಡಿ ಪಡೆದ ಘಟಕಕ್ಕೆ ಪಿಎಂಇಜಿಪಿ ಸಿಗುವುದಿಲ್ಲ. ಮುಚ್ಚಿಟ್ಟರೆ ಆಧಾರ್, ಪ್ಯಾನ್ ಮೂಲಕ ಗೊತ್ತಾಗಿಯೇ ಆಗುತ್ತದೆ.

ಹಂತ 3: ಜಾಗದ ವಿಚಾರ ಮುಗಿಸಿ

ಬಹಳ ಅರ್ಜಿಗಳು ನಿಂತುಹೋಗುವುದು ಇಲ್ಲಿ. ಹಾಗಾಗಿ ಪ್ರಾಜೆಕ್ಟ್ ರಿಪೋರ್ಟಿಗೂ ಮೊದಲೇ ಇದನ್ನು ಇಟ್ಟಿದ್ದೇನೆ.

ಸ್ವಂತ ಜಾಗವಾದರೆ ಅದರ ದಾಖಲೆ ಯಾರ ಹೆಸರಲ್ಲಿದೆ ನೋಡಿ. ಅಜ್ಜನ ಹೆಸರಲ್ಲೇ ಉಳಿದಿರುವ ಜಾಗಗಳು ಎಷ್ಟೋ ಇವೆ, ಅಲ್ವಾ? ಅಂಥದ್ದಾದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಪೌತಿ ಖಾತೆ ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದು. ಗ್ರಾಮಠಾಣಾ ಜಾಗವಾದರೆ ಇ-ಸ್ವತ್ತು, ಅಂದರೆ ಗ್ರಾಮ ಪಂಚಾಯಿತಿ ಕೊಡುವ ಡಿಜಿಟಲ್ ಆಸ್ತಿ ದಾಖಲೆ ಬೇಕು. ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಎಲ್ಲರ ಒಪ್ಪಿಗೆ ಪತ್ರ ಮೊದಲೇ ಬರೆಸಿಡಿ.

ಹೊಲದಲ್ಲೇ ಶೆಡ್ ಕಟ್ಟುವ ಆಲೋಚನೆ ಇದ್ದರೆ, ಭೂ ಪರಿವರ್ತನೆ ಬೇಕೇ ಬೇಡವೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಪಾಯ ತೋಡಿ. ಭೂ ಪರಿವರ್ತನೆ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವ ಅನುಮತಿ.

ಬಾಡಿಗೆಯ ಜಾಗವಾದರೆ ಬಾಯಿಮಾತಿನ ಒಪ್ಪಂದ ಸಾಲದು. ಸಾಲ ತೀರುವ ಅವಧಿಯಷ್ಟಾದರೂ ಉದ್ದದ ಕರಾರು ಮಾಡಿಸಿಕೊಳ್ಳಿ. 11 ತಿಂಗಳ ಕರಾರು ಹಿಡಿದು ಏಳು ವರ್ಷದ ಸಾಲ ಕೇಳಿದರೆ ಯಾವ ಮ್ಯಾನೇಜರ್ ಒಪ್ಪುತ್ತಾರೆ? ಮೋಟರ್ ಹಾಕುವುದಿದ್ದರೆ ಅಲ್ಲಿ ಕರೆಂಟ್ ಎಷ್ಟು ಎಚ್‌ಪಿಯದ್ದಿದೆ, ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದಾ ಎಂದು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಕೈಗಾರಿಕೆ ದರದ ಸಂಪರ್ಕವನ್ನೇ ಕೇಳಿ.

ಇನ್ನೊಂದು ಮಾತು. ಜಮೀನು ಕೊಳ್ಳುವ ಖರ್ಚನ್ನು ಪಿಎಂಇಜಿಪಿ, ಪಿಎಂಎಫ್‌ಎಂಇ ಎರಡರಲ್ಲೂ ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ಸಬ್ಸಿಡಿ ಲೆಕ್ಕ ಆಗುವುದು ಅದನ್ನು ಬಿಟ್ಟು.

ಹಂತ 4: ಕಾಗದಪತ್ರ ಜೋಡಿಸಿ

ಆಧಾರ್, ಪ್ಯಾನ್, ಫೋಟೊ, ವಿದ್ಯಾಭ್ಯಾಸದ ದಾಖಲೆ, ಜಾತಿ ಪ್ರಮಾಣಪತ್ರ, ಗ್ರಾಮೀಣ ಪ್ರದೇಶ ಎಂಬುದಕ್ಕೆ ಪತ್ರ, ಜಾಗದ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಮಷಿನ್ ಕೊಟೇಶನ್. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಲಿ. ಆಧಾರ್‌ನಲ್ಲಿ ಒಂದು ಇನಿಶಿಯಲ್, ಪ್ಯಾನ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ನಿಮ್ಮ ಸಿಬಿಲ್ ಸ್ಕೋರ್ ಕೂಡ ನೋಡಿಕೊಳ್ಳಿ. ಸಿಬಿಲ್ ಅಂದರೆ ಹಿಂದಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದರ ಅಂಕಪಟ್ಟಿ. ಮೊಬೈಲ್ ಕಂತಿನ ಹಳೆ ಬಾಕಿ ಕೂಡ ಅಲ್ಲಿ ಕಾಣುತ್ತದೆ.

ಉದ್ಯಮ್ ನೋಂದಣಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದು 2020ರ ಜುಲೈ 1ರಿಂದ ಇರುವ, ಸಣ್ಣ ಉದ್ದಿಮೆ ಎಂಬುದಕ್ಕೆ ಸರ್ಕಾರಿ ಗುರುತು. ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. 2025ರ ಏಪ್ರಿಲ್ 1ರಿಂದ 2.5 ಕೋಟಿವರೆಗೆ ಹೂಡಿಕೆ ಮತ್ತು 10 ಕೋಟಿವರೆಗೆ ವಹಿವಾಟು ಇರುವುದು ಅತಿಸಣ್ಣ ಉದ್ದಿಮೆ. ಸಣ್ಣ ಉದ್ದಿಮೆಗೆ ಈ ಮಿತಿ 25 ಕೋಟಿ ಮತ್ತು 100 ಕೋಟಿ.

ಎಚ್ಚರಿಕೆ ಎರಡು. ಮೊದಲನೆಯದು, ಹುಡುಕಿದಾಗ ದುಡ್ಡು ಕೇಳುವ ನಕಲಿ ಜಾಲತಾಣಗಳು ಮೇಲೆ ಬರುತ್ತವೆ. ವಿಳಾಸ "ಜಿಒವಿ ಡಾಟ್ ಇನ್" ಎಂದು ಮುಗಿಯದಿದ್ದರೆ ಆಧಾರ್ ಸಂಖ್ಯೆ ಹಾಕಲೇಬೇಡಿ. ಎರಡನೆಯದು, ಪಿಎಂಇಜಿಪಿಗೆ ಹೋಗುವವರು ಉದ್ದಿಮೆ ಆಗಲೇ ಶುರುವಾಗಿದೆ ಎಂದು ಹಳೆಯ ದಿನಾಂಕ ಹಾಕಿ ಉದ್ಯಮ್ ಮಾಡಿಸಿಕೊಂಡರೆ, ಹಳೆಯ ಘಟಕ ಎಂದು ಅರ್ಜಿ ತಿರಸ್ಕಾರವಾಗುವ ಅಪಾಯವಿದೆ. ಅವರು ಸಾಲ ಸಿಕ್ಕಿ ಘಟಕ ನಿಂತ ಮೇಲೆ ಮಾಡಿಸಿದರೆ ಆಯಿತು. ಪಿಎಂಎಫ್‌ಎಂಇ ಹಳೆಯ ಘಟಕಕ್ಕೂ ಸಿಗುವುದರಿಂದ ಅಲ್ಲಿ ಈ ಚಿಂತೆ ಇಲ್ಲ.

ಹಂತ 5: ಪ್ರಾಜೆಕ್ಟ್ ರಿಪೋರ್ಟ್ ಅನ್ನು ನೀವೇ ಅರ್ಥ ಮಾಡಿಕೊಳ್ಳಿ

ಬರೆಸಿಕೊಳ್ಳುವುದು ಯಾರಿಂದಲಾದರೂ ಆಗಲಿ, ಅದರಲ್ಲಿರುವ ಪ್ರತಿ ಅಂಕಿಯೂ ನಿಮಗೆ ಗೊತ್ತಿರಬೇಕು. ಸೈಬರ್ ಸೆಂಟರಿನಲ್ಲಿ ಸಿಗುವ ರೆಡಿಮೇಡ್ ರಿಪೋರ್ಟುಗಳಲ್ಲಿ ಹೆಸರು ಮಾತ್ರ ಬದಲಾಗಿರುತ್ತದೆ. ಬ್ಯಾಂಕಿನವರು ಅಂಥದ್ದನ್ನು ದಿನಾ ನೋಡಿರುತ್ತಾರೆ. "ದಿನಕ್ಕೆ ಎಷ್ಟು ಕೆಜಿ ಶೇಂಗಾ ಬೇಕು?" ಎಂದು ಕೇಳಿದಾಗ ನೀವು ತಡವರಿಸಿದರೆ ಅಲ್ಲಿಗೆ ಮುಗಿಯಿತು.

ರಿಪೋರ್ಟಿನಲ್ಲಿ ಇರಲೇಬೇಕಾದ್ದು: ಏನು ತಯಾರಿಸುತ್ತೀರಿ, ಕಚ್ಚಾವಸ್ತು ಎಲ್ಲಿಂದ, ಯಾರಿಗೆ ಮಾರುತ್ತೀರಿ, ಮಷಿನ್ ಬೆಲೆ, ಶೆಡ್ ಖರ್ಚು, ದುಡಿಯುವ ಬಂಡವಾಳ, ಎಷ್ಟು ಜನಕ್ಕೆ ಕೆಲಸ, ಸಂಬಳ ಎಷ್ಟು, ವರ್ಷವಾರು ಲಾಭ. ಕೆಲಸದ ಸಂಖ್ಯೆಯನ್ನು ಉಬ್ಬಿಸಿ ಬರೆಯಬೇಡಿ. ಎರಡು ಜನ ಸಾಕಾಗುವ ಗಾಣಕ್ಕೆ ಹತ್ತು ಜನ ಎಂದು ಬರೆದರೆ ಸಂಬಳದ ಲೆಕ್ಕದಲ್ಲೇ ನಷ್ಟ ತೋರಿಸುತ್ತದೆ. ಮೊದಲ ವರ್ಷವೇ ಮಷಿನ್ ಪೂರ್ತಿ ಓಡುತ್ತದೆ ಎಂದೂ ಬರೆಯಬೇಡಿ. ಶೇ 60ರಷ್ಟು ಓಡಿದರೂ ಕಂತು ಕಟ್ಟಲು ಆಗುತ್ತದಾ ಎಂದು ನೋಡಿ.

ಬ್ಯಾಂಕಿನವರು ಮೊದಲು ಕಣ್ಣು ಹಾಯಿಸುವ ಒಂದು ಅಂಕಿ ಡಿಎಸ್‌ಸಿಆರ್. ಹೆದರುವಂಥದ್ದೇನೂ ಇಲ್ಲ. ವರ್ಷಕ್ಕೆ ಸಾಲ ತೀರಿಸಲು ನಿಮ್ಮ ಕೈಗೆ ಸಿಗುವ ಹಣವನ್ನು, ವರ್ಷಕ್ಕೆ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯಿಂದ ಭಾಗಿಸಿದರೆ ಬರುವುದು ಅದು. ಕೈಗೆ 3 ಲಕ್ಷ ಸಿಗುತ್ತದೆ, ಕಟ್ಟಬೇಕಾದ್ದು 2 ಲಕ್ಷ ಅಂದರೆ ಡಿಎಸ್‌ಸಿಆರ್ 1.5. ಒಂದಕ್ಕೆ ಹತ್ತಿರ ಇದ್ದರೆ ಒಂದು ತಿಂಗಳ ವ್ಯಾಪಾರ ಕೆಟ್ಟರೂ ಕಂತು ತಪ್ಪುತ್ತದೆ ಎಂದರ್ಥ. ಅದು ಬ್ಯಾಂಕಿಗಿಂತ ನಿಮಗೇ ಹೆಚ್ಚು ಮುಖ್ಯ.

ಈಗ ಪಿಎಂಇಜಿಪಿಯ ಒಂದು ಲೆಕ್ಕ ನೋಡಿ. ಹಳ್ಳಿಯಲ್ಲಿ ಒಬ್ಬ ಮಹಿಳೆ 10 ಲಕ್ಷದ ಘಟಕ ಹಾಕುತ್ತಾರೆ ಅನ್ನೋಣ. ಸ್ವಂತ ಪಾಲು ಶೇ 5, ಅಂದರೆ 50 ಸಾವಿರ. ಬ್ಯಾಂಕ್ ಸಾಲ 9.5 ಲಕ್ಷ. ಸಬ್ಸಿಡಿ ಶೇ 35, ಅಂದರೆ 3.5 ಲಕ್ಷ. ಈ 3.5 ಲಕ್ಷ ಅವರ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವರ ಹೆಸರಿನ ಠೇವಣಿಯಾಗಿ ಮೂರು ವರ್ಷ ಇರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಮೂರು ವರ್ಷ ಘಟಕ ಸರಿಯಾಗಿ ನಡೆದರೆ ಅದನ್ನು ಸಾಲಕ್ಕೆ ಜಮಾ ಮಾಡುತ್ತಾರೆ. ಇದಕ್ಕೆ ಮಾರ್ಜಿನ್ ಮನಿ ಎಂದು ಹೆಸರು. "ಸಬ್ಸಿಡಿ ಬಂದ ಮೇಲೆ ಅದರಲ್ಲಿ ಗಾಡಿ ತಗೊಳ್ತೀನಿ" ಎಂದು ಲೆಕ್ಕ ಹಾಕಿದವರು ಇಲ್ಲಿ ಎಡವುತ್ತಾರೆ.

ಹಂತ 6: ಬ್ಯಾಂಕಿನಲ್ಲಿ ಮಾತಾಡಿ, ಆಮೇಲೆ ಅರ್ಜಿ ಹಾಕಿ

ಸಬ್ಸಿಡಿ ಸರ್ಕಾರದ್ದು, ಸಾಲ ಬ್ಯಾಂಕಿನದ್ದು. ಬ್ಯಾಂಕ್ ಒಪ್ಪದಿದ್ದರೆ ಯೋಜನೆಯೇ ಇಲ್ಲ. ಹಾಗಾಗಿ ನಿಮ್ಮ ಜಾಗಕ್ಕೆ ಹತ್ತಿರದ, ನಿಮ್ಮ ಖಾತೆ ಇರುವ ಶಾಖೆಗೆ ಮೊದಲು ಹೋಗಿ. ರಿಪೋರ್ಟ್ ತೋರಿಸಿ. "ಈ ಯೋಜನೆಯಲ್ಲಿ ಅರ್ಜಿ ಹಾಕುತ್ತಿದ್ದೇನೆ, ನಿಮ್ಮ ಶಾಖೆ ಹೆಸರು ಹಾಕಲಾ ಸರ್?" ಎಂದು ನೇರವಾಗಿ ಕೇಳಿ. ಅವರು ಕೇಳುವ ಬದಲಾವಣೆಗಳನ್ನು ಮಾಡಿಕೊಂಡು ಆಮೇಲೆ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ.

ಅರ್ಜಿ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಂಥ ಸಂಸ್ಥೆಗೆ ಹೋಗುತ್ತದೆ. ಅವರು ಪರಿಶೀಲಿಸಿ ಬ್ಯಾಂಕಿಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಅರ್ಜಿ ಸಂಖ್ಯೆ ಹಿಡಿದು ಸ್ಥಿತಿ ನೋಡುತ್ತಿರಿ. ದಾಖಲೆ ಕೇಳಿ ವಾಪಸ್ ಕಳಿಸಿದ್ದು ಗೊತ್ತಾಗದೆ ಸುಮ್ನೆ ಕಾಯುತ್ತಾ ಕೂತವರು ಬಹಳ ಜನ ಇದ್ದಾರೆ.

"ಅಡಮಾನ ಏನಿಡುತ್ತೀರಿ?" ಎಂದು ಕೇಳಿದರೆ ಏನು ಮಾಡುವುದು? ರಿಸರ್ವ್ ಬ್ಯಾಂಕ್ ನಿಯಮದಂತೆ ಪಿಎಂಇಜಿಪಿಯಲ್ಲಿ 10 ಲಕ್ಷದವರೆಗಿನ, 2026ರ ಏಪ್ರಿಲ್ 1ರಿಂದ ಮಂಜೂರಾದ ಸಾಲವಾದರೆ 20 ಲಕ್ಷದವರೆಗಿನ ಮೊತ್ತಕ್ಕೆ ಅಡಮಾನ ಕೇಳುವಂತಿಲ್ಲ. ಅದಕ್ಕಿಂತ ಮೇಲಿನದಕ್ಕೆ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿ ಇದೆ. ನೀವು ಸಾಲ ಕಟ್ಟಲಾಗದಿದ್ದರೆ ಬ್ಯಾಂಕಿಗೆ ಆಗುವ ನಷ್ಟದ ದೊಡ್ಡ ಪಾಲನ್ನು ಅದು ತುಂಬಿಕೊಡುತ್ತದೆ. ಅದಕ್ಕೆ ಶುಲ್ಕವಿದೆ. ಸಾಲ ಮಾತ್ರ ನಿಮ್ಮ ತಲೆ ಮೇಲೆ ಹಾಗೇ ಇರುತ್ತದೆ, ಅದು ನೆನಪಿರಲಿ. ಮ್ಯಾನೇಜರ್ ಹತ್ತಿರ ಜಗಳವಾಡದೆ ಈ ನಿಯಮವನ್ನು ಮೆಲ್ಲಗೆ ನೆನಪಿಸಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಪ್ರತಿ ಜಿಲ್ಲೆಗೂ ಒಂದು ಲೀಡ್ ಬ್ಯಾಂಕ್ ಇರುತ್ತದೆ. ಆ ಪತ್ರ ಹಿಡಿದು ಅಲ್ಲಿನ ಮ್ಯಾನೇಜರ್ ಹತ್ತಿರ ಹೋಗಬಹುದು.

ಎಚ್ಚರಿಕೆ: ಸಬ್ಸಿಡಿಯಲ್ಲಿ ಇಷ್ಟು ಪರ್ಸೆಂಟ್ ಕೊಡಿ, ನಾನು ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗಳಿಂದ ದೂರ ಇರಿ. ಅರ್ಜಿಗೆ ಶುಲ್ಕವೇ ಇಲ್ಲ. "ನಿಮ್ಮ ಮುದ್ರಾ ಸಾಲ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಳಿಸಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಪತ್ರಗಳು ಮೋಸದವು. ಸಾಲ ಮಂಜೂರು ಮಾಡುವುದು ನೀವು ಅರ್ಜಿ ಕೊಟ್ಟ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಮಾತ್ರ.

ಹಂತ 7: ಮಂಜೂರಾದ ಮೇಲೆ, ಅದಕ್ಕೂ ಮೊದಲಲ್ಲ

ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಮಷಿನ್‌ಗೆ ಅಡ್ವಾನ್ಸ್ ಕೂಡ ಕೊಡಬೇಡಿ. ಆಫರ್ ಮುಗಿದುಹೋಗುತ್ತದೆ ಎಂದು ಡೀಲರ್ ಎಷ್ಟೇ ಒತ್ತಾಯ ಮಾಡಿದರೂ ಬೇಡ. ನೀವೇ ಕೊಂಡ ಮಷಿನ್‌ಗೆ ಆಮೇಲೆ ಸಾಲ, ಸಬ್ಸಿಡಿ ಕೇಳಿದರೆ ಉತ್ತರ ಬಹುತೇಕ ಇಲ್ಲ ಎಂದೇ.

ಪತ್ರ ಬಂದ ಮೇಲೆ ಅದನ್ನು ಕೂತು ಓದಿ. ಬಡ್ಡಿ ಎಷ್ಟು, ಎಷ್ಟು ವರ್ಷ, ಕಂತು ಯಾವಾಗಿನಿಂದ? ಪಿಎಂಇಜಿಪಿಯಲ್ಲಿ ಮರುಪಾವತಿ ಅವಧಿ 3ರಿಂದ 7 ವರ್ಷ. ಶುರುವಿನಲ್ಲಿ ಕೆಲವು ತಿಂಗಳು ಕಂತು ಕಟ್ಟದಿರಲು ರಿಯಾಯಿತಿ ಇರುತ್ತದೆ. ಮಷಿನ್ ಬಂದು, ಕರೆಂಟ್ ಸಿಕ್ಕಿ, ಮೊದಲ ಮಾಲು ಮಾರಾಟವಾಗುವಷ್ಟು ಸಮಯವನ್ನಾದರೂ ಕೇಳಿ ಪಡೆಯಿರಿ.

ಇದೇ ಸಮಯದಲ್ಲಿ ಉದ್ಯಮಶೀಲತಾ ತರಬೇತಿ ಮುಗಿಸಬೇಕು. 5 ಲಕ್ಷದವರೆಗಿನ ಯೋಜನೆಗೆ 5 ದಿನ, ಅದಕ್ಕಿಂತ ಹೆಚ್ಚಾದರೆ 10 ದಿನ. 2 ಲಕ್ಷದ ಒಳಗಿನವರಿಗೆ ವಿನಾಯಿತಿ ಇದೆ. ತರಬೇತಿ ಮುಗಿಯದೆ ಸಬ್ಸಿಡಿ ಹಣ ಬಿಡುಗಡೆಯಾಗುವುದಿಲ್ಲ.

ಮಷಿನ್ ಹಣವನ್ನು ಬ್ಯಾಂಕ್ ನೇರವಾಗಿ ಡೀಲರ್ ಖಾತೆಗೆ ಹಾಕುತ್ತದೆ. ಕೊಟೇಶನ್ ಕೊಟ್ಟವರಿಂದಲೇ, ಜಿಎಸ್‌ಟಿ ಬಿಲ್ ಸಮೇತ ತರಿಸಿ. ಬಿಲ್ ಹೆಚ್ಚಿಗೆ ಹಾಕಿಸಿ ಉಳಿದ ಹಣ ವಾಪಸ್ ಪಡೆಯುವ ಆಸೆ ತೋರಿಸುವವರಿರುತ್ತಾರೆ. ಖಂಡಿತ ಬೇಡ. ಅದು ವಂಚನೆ. ಅಷ್ಟೇ ಅಲ್ಲ, ಆ ಹೆಚ್ಚುವರಿ ಮೊತ್ತಕ್ಕೂ ನೀವೇ ಬಡ್ಡಿ ಕಟ್ಟುತ್ತೀರಿ.

ಪಂಚಾಯಿತಿ ಅಥವಾ ಪುರಸಭೆ ಪರವಾನಗಿ, ಆಹಾರದ ಕೆಲಸವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಹೊಗೆ, ಕೊಳೆನೀರು ಬರುವ ಕೆಲಸವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಇವು ಉತ್ಪಾದನೆ ಶುರುವಾಗುವ ಮುನ್ನ ಕೈಯಲ್ಲಿರಬೇಕು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಹೊರ ರಾಜ್ಯಕ್ಕೆ ಸರಕು ಕಳಿಸುವ ಆಲೋಚನೆ ಇದ್ದರೆ ಅದಕ್ಕೂ ಮೊದಲೇ ಬೇಕಾಗುತ್ತದೆ.

ಹಂತ 8: ಮೊದಲ ಮೂರು ವರ್ಷ

ಸಬ್ಸಿಡಿ ನಿಮ್ಮದಾಗುವುದು ಈ ಅವಧಿ ಮುಗಿದ ಮೇಲೆ. ಘಟಕ ನಡೆಯುತ್ತಿದೆಯೇ ಎಂದು ಬಂದು ನೋಡುತ್ತಾರೆ. ಬೋರ್ಡ್ ಇರಲಿ, ಅದರಲ್ಲಿ ಯೋಜನೆಯ ಹೆಸರಿರಲಿ. ಖರೀದಿ ಮತ್ತು ಮಾರಾಟದ ಬಿಲ್ ಜೋಡಿಸಿಡಿ, ವಹಿವಾಟು ಆದಷ್ಟೂ ಅದೇ ಬ್ಯಾಂಕ್ ಖಾತೆಯಲ್ಲಿ ಆಗಲಿ. ಹಣ ಬೇರೆಡೆಗೆ ಹೋಗಿದೆ, ಘಟಕವೇ ಇಲ್ಲ ಎಂದು ಕಂಡುಬಂದರೆ ಸಬ್ಸಿಡಿ ಸರ್ಕಾರಕ್ಕೆ ವಾಪಸ್ ಹೋಗುತ್ತದೆ, ಸಾಲ ಪೂರ್ತಿ ನಿಮ್ಮ ಮೇಲೆ ಉಳಿಯುತ್ತದೆ. ವ್ಯಾಪಾರ ಕುಸಿದು ಕಂತು ಕಷ್ಟವಾದರೆ ಫೋನ್ ಆಫ್ ಮಾಡಬೇಡಿ. ಮೂರು ಕಂತು ಬಾಕಿಯಾಗುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಕೇಳಿ. 90 ದಿನ ಮೀರಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಎಂದು ದಾಖಲಾಗುತ್ತದೆ. ಆಮೇಲೆ ಮ್ಯಾನೇಜರ್ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ.

ಚೆನ್ನಾಗಿ ನಡೆದು ಸಾಲ ತೀರಿದ ಘಟಕಕ್ಕೆ ಪಿಎಂಇಜಿಪಿಯಲ್ಲೇ ಎರಡನೇ ಸಾಲ ಇದೆ. ತಯಾರಿಕೆಗೆ 1 ಕೋಟಿ, ಸೇವೆಗೆ 25 ಲಕ್ಷದವರೆಗೆ, ಸಬ್ಸಿಡಿ ಶೇ 15.

ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಕ್ಕೂ ಈಗ ನೆರವಿದೆ. ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೇರಿದ ಕೆಲಸಗಳಿಗೆ ಅನ್ವಯಿಸುತ್ತದೆ. ಮೊದಲ ಸಲ ಪಿಎಫ್ ಖಾತೆಗೆ ಸೇರುವ ಕೆಲಸಗಾರರಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15 ಸಾವಿರ ರೂಪಾಯಿ, ಎರಡು ಕಂತಿನಲ್ಲಿ. ಮಾಲೀಕರಿಗೆ ಪ್ರತಿ ಹೆಚ್ಚುವರಿ ಕೆಲಸಗಾರರಿಗೆ ತಿಂಗಳಿಗೆ ಗರಿಷ್ಠ 3 ಸಾವಿರ, ಎರಡು ವರ್ಷ. ತಯಾರಿಕಾ ವಲಯಕ್ಕೆ ನಾಲ್ಕು ವರ್ಷ. 50ಕ್ಕಿಂತ ಕಡಿಮೆ ಜನ ಇರುವಲ್ಲಿ ಕನಿಷ್ಠ 2, ಅದಕ್ಕಿಂತ ದೊಡ್ಡದರಲ್ಲಿ ಕನಿಷ್ಠ 5 ಜನರನ್ನು ಹೊಸದಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಳ್ಳಬೇಕು. ಪಿಎಫ್ ನೋಂದಣಿ ಇರಲೇಬೇಕು. ಈಗಷ್ಟೇ ಶುರುವಾದ ಪುಟ್ಟ ಘಟಕಕ್ಕಿಂತ, 20 ಜನರ ಆಸುಪಾಸಿಗೆ ಬೆಳೆದವರಿಗೆ ಇದು ಹೆಚ್ಚು ಉಪಯೋಗ.

ಕಡೆಯದಾಗಿ, ಬಾಕಿ ವಸೂಲಿ. ಉದ್ಯಮ್ ನೋಂದಣಿಯ ದೊಡ್ಡ ಲಾಭವೇ ಇದು, ಆದರೆ ಇದನ್ನು ಬಳಸುವವರು ಕಡಿಮೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯಂತೆ, ಲಿಖಿತ ಒಪ್ಪಂದ ಇದ್ದರೂ ನಿಮ್ಮಿಂದ ಮಾಲು ಕೊಂಡವರು 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಕೊಡದಿದ್ದರೆ ಇಂಥ ಬಾಕಿ ವಿವಾದ ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ಸರ್ಕಾರದ ಪೋರ್ಟಲ್ ಮೂಲಕ ದೂರು ಹಾಕಬಹುದು. ಈ ರಕ್ಷಣೆ ಅತಿಸಣ್ಣ ಮತ್ತು ಸಣ್ಣ ತಯಾರಕರು, ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. ಮಾಲು ಕೊಡುವ ಮೊದಲೇ ನೋಂದಣಿ ಆಗಿದ್ದರೆ ನಿಮ್ಮ ವಾದ ಗಟ್ಟಿ. ಬಿಲ್ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ, ಆರ್ಡರ್ ಬರವಣಿಗೆಯಲ್ಲಿ ಪಡೆಯಿರಿ, ಮಾಲು ತಲುಪಿದ ದಿನ ಚಲನ್ ಮೇಲೆ ಕೊಂಡವರ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ.